ಅಲೈನ್‌ಮೆಂಟ್ ಸ್ಟಿಕ್: ಪಾದದ ಸುಳ್ಳು ಹಿಡಿಯುತ್ತದೆ, ಭುಜದ ಸುಳ್ಳು ಹಿಡಿಯುವುದಿಲ್ಲ

ಗಾಲ್ಫ್ ಅಭ್ಯಾಸಕ್ಕೆಂದು ಮಾರುವ ಸಾಮಾನುಗಳಲ್ಲಿ ಅಲೈನ್‌ಮೆಂಟ್ ಸ್ಟಿಕ್‌ಗಿಂತ ಸರಳವಾದದ್ದು ಇನ್ನೊಂದಿಲ್ಲ. 48 ಇಂಚು, ಅಂದರೆ ಸುಮಾರು 122 ಸೆಂ.ಮೀ. ಉದ್ದದ ಫೈಬರ್‌ಗ್ಲಾಸ್ ಕೋಲು, ಗುರಿಗೆ ನೆಟ್ಟಗೆ ನಿಂತಿದ್ದೇವೆಯೇ ಎಂದು ನೋಡಲು ನೆಲದ ಮೇಲೆ ಹಾಸುವಂಥದ್ದು. ದಪ್ಪ 6ರಿಂದ 8 ಮಿ.ಮೀ. ಒಂದು ತುದಿ ಚೂಪು, ಇನ್ನೊಂದಕ್ಕೆ ರಬ್ಬರ್ ಟೊಪ್ಪಿ. ಹಿಮ ಬೀಳುವ ನಾಡುಗಳಲ್ಲಿ ಮನೆ ಮುಂದಿನ ದಾರಿಯ ಅಂಚು ಗೊತ್ತಾಗಲೆಂದು ನೆಡುವ ಕೋಲಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ, ಕೆಟ್ಟುಹೋಗುವ ಯಂತ್ರಭಾಗವೂ ಇಲ್ಲ. ಆದರೂ ವೃತ್ತಿಪರರ ಬ್ಯಾಗಿನಿಂದ ಹಿಡಿದು ನಿನ್ನೆ ಮೊನ್ನೆ ಕಲಿಯಲು ಬಂದವರ ಬ್ಯಾಗಿನವರೆಗೆ ಎಲ್ಲದರಲ್ಲೂ ಇದರ ತಲೆ ಇಣುಕುತ್ತಿರುತ್ತದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಕೋಲಿನ ತಪ್ಪಿಗಲ್ಲ, ಅದರ ಜೊತೆ ಬರುವ ಅರೆಬರೆ ಸೂಚನೆಗೆ. ಪೊಟ್ಟಣದ ಮೇಲೆ ರೈಲು ಹಳಿಯಂತೆ ಎರಡು ಗೆರೆ, ಪಕ್ಕದಲ್ಲೊಬ್ಬ ಆಟಗಾರ, ಅಷ್ಟೇ. ಆ ಚಿತ್ರ ನೋಡಿಕೊಂಡು ಕೋಲು ಹಾಸಿ, ಕಾಲ್ಬೆರಳು ತಾಗಿಸಿ ನಿಂತರೆ ನೆಟ್ಟಗಾಗುವುದು ಪಾದ ಮಾತ್ರ. ಕೆಲವೊಮ್ಮೆ ಅದೂ ಆಗುವುದಿಲ್ಲ. ಚೆಂಡಿನ ದಿಕ್ಕನ್ನು ನಿಜವಾಗಿ ತೀರ್ಮಾನಿಸುವ ಕ್ಲಬ್‌ಫೇಸ್ (ಚೆಂಡಿಗೆ ತಾಗುವ ಕ್ಲಬ್ಬಿನ ಮುಖ) ಮತ್ತು ಭುಜಗಳ ವಿಷಯದಲ್ಲಿ ನೆಲದ ಮೇಲೆ ಮಲಗಿದ ಕೋಲು ಬಾಯಿ ಬಿಡುವುದಿಲ್ಲ. ಅದಕ್ಕೆ ಬಾಯಿ ಬಿಡಿಸುವುದು ಹೇಗೆ ಎಂಬುದೇ ಈ ವಿಮರ್ಶೆಯ ಹೆಚ್ಚಿನ ಪಾಲು. ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಳ್ಳಬೇಕು.

ಯಾವುದು ಕೊಳ್ಳಬೇಕು

ಒಂದೇ ತುಂಡಿನದು, ಮೂರು ಮಡಿಕೆಯದು ಎಂದು ಎರಡು ಬಗೆ ಸಿಗುತ್ತವೆ. ಒಂದೇ ತುಂಡಿನದನ್ನೇ ಕೊಳ್ಳಿ. ಮಡಿಕೆಯದು ಬ್ಯಾಗಿನ ಜೇಬಿನಲ್ಲಿ ಕೂರುತ್ತದೆ ನಿಜ, ಆದರೆ ಅದರ ಕೀಲು ಸವೆಯುತ್ತದೆ. 40 ಸೆಂ.ಮೀ. ತುಂಡಿನ ತುದಿ ಬರೀ 2 ಮಿ.ಮೀ. ಅಲುಗಾಡಿದರೂ ಸುಮಾರು 0.3 ಡಿಗ್ರಿ ಸೊಟ್ಟಾಗುತ್ತದೆ. ನೇರವಿದೆಯೇ ಎಂದು ನೋಡಲು ಕೊಂಡ ವಸ್ತುವೇ ಡೊಂಕಾಗಿದ್ದರೆ ಏನು ಪ್ರಯೋಜನ? ಇನ್ನು ಮಡಿಕೆ ಬಿಚ್ಚಲು ಬೇಸರಪಟ್ಟು ಒಂದೇ ತುಂಡನ್ನು ಹಾಸಿಕೊಳ್ಳುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಉದ್ದ ಕಡಿಮೆಯಾದಷ್ಟೂ ಹಾಸುವಾಗಿನ ತಪ್ಪು ದೊಡ್ಡದಾಗುತ್ತದೆ. 122 ಸೆಂ.ಮೀ. ಕೋಲಿನ ಒಂದು ತುದಿ 1 ಸೆಂ.ಮೀ. ಆಚೀಚೆ ಆದರೆ 150 ಮೀಟರ್ ದೂರದಲ್ಲಿ ಅದು ಸುಮಾರು ಒಂದೂಕಾಲು ಮೀಟರ್ ತಪ್ಪು. ಅದೇ 1 ಸೆಂ.ಮೀ. ತಪ್ಪು 40 ಸೆಂ.ಮೀ. ತುಂಡಿನಲ್ಲಾದರೆ ಮೂರು ಮುಕ್ಕಾಲು ಮೀಟರ್.

ಕೊಳ್ಳುವ ಮೊದಲು ಕೋಲನ್ನು ಸಮತಟ್ಟಾದ ನೆಲದ ಮೇಲೆ ಉರುಳಿಸಿ ನೋಡಿ. ಸರಾಗವಾಗಿ ಉರುಳಿದರೆ ನೇರವಿದೆ, ಕುಣಿಯುತ್ತ ಉರುಳಿದರೆ ಬಾಗಿದೆ. ಬಣ್ಣ ಹುಲ್ಲಿನ ಮೇಲೆ ಎದ್ದು ಕಾಣುವಂತಿರಲಿ: ಕಿತ್ತಳೆ, ಬಿಳಿ, ಹೊಳೆಯುವ ಹಳದಿ. ಕಡುಹಸಿರು ಮ್ಯಾಟಿನ ಮೇಲೆ ಹಸಿರು ಕೋಲು ಹಾಕಿಕೊಂಡು ಕಣ್ಣು ಕಿರಿದು ಮಾಡುವುದು ಯಾರಿಗೆ ಬೇಕು. ಮೈಮೇಲೆ ಅಳತೆಯ ಪಟ್ಟಿಗಳಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಚಿಂತೆಯಿಲ್ಲ, ಬಣ್ಣದ ಟೇಪ್ ಸುತ್ತಿದರಾಯಿತು. ಜೋಡಿ ಸಾಕು. ಮೂರನೆಯದು ಚೆಂಡಿನ ಜಾಗ ನೋಡಲು ಬೇಕಾದಾಗ ಒಂದು ಕ್ಲಬ್ಬೇ ಆ ಕೆಲಸ ಮಾಡುತ್ತದೆ.

ದೋಷಗಳೂ ಇವೆ. ಬಿಸಿಲಲ್ಲಿ ಬಹುಕಾಲ ಬಿದ್ದ ಫೈಬರ್‌ಗ್ಲಾಸ್‌ನ ಮೇಲ್ಪದರ ಒಣಗಿ ನೂಲು ಏಳುತ್ತದೆ. ಆ ನೂಲು ಕಣ್ಣಿಗೆ ಕಾಣದು, ಅಂಗೈಗೆ ಚುಚ್ಚಿದ ಮೇಲೆ ತಿಳಿಯುತ್ತದೆ. ಮೈ ಒರಟಾಗಿದೆ ಅನ್ನಿಸಿದ ದಿನವೇ ಕೋಲಿಗೆ ಟೇಪ್ ಸುತ್ತಬೇಕು, ಇಲ್ಲವೇ ಎಸೆಯಬೇಕು. ಕ್ಲಬ್ ತಾಗಿ ಸೀಳಿದ ಕೋಲನ್ನಂತೂ ಇಟ್ಟುಕೊಳ್ಳಲೇಬಾರದು. ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಬಿಟ್ಟರೆ ಬಾಗುವುದುಂಟು. ಮಲಗಿಸಿಡುವುದು ಲೇಸು. ರಬ್ಬರ್ ಟೊಪ್ಪಿ ಬೇಗ ಕಳೆದುಹೋಗುತ್ತದೆ. ಎಲ್ಲಕ್ಕಿಂತ ಉದ್ದದ ಕ್ಲಬ್ಬಾದ ಡ್ರೈವರ್ ಸಾಮಾನ್ಯವಾಗಿ 45 ಇಂಚಿನ ಆಸುಪಾಸಿನದಾದ್ದರಿಂದ 48 ಇಂಚಿನ ಕೋಲು ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಚಾಚಿಕೊಂಡಿರುತ್ತದೆ. ಬಗ್ಗಿ ಕ್ಲಬ್ ತೆಗೆಯುವಾಗ ತುದಿ ನೇರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಚೂಪು ತುದಿ ಕೆಳಗೆ, ಟೊಪ್ಪಿ ಮೇಲೆ ಎಂಬುದು ಶೋಕಿಯ ಮಾತಲ್ಲ.

ಹಾಸುವುದರಲ್ಲೇ ಅರ್ಧ ಕೆಲಸ

ಕೋಲಿನ ಪಕ್ಕ ನಿಂತು, ಓರೆಗಣ್ಣಿನಿಂದ ಗುರಿ ನೋಡುತ್ತ ಕಾಲಿನಿಂದ ಕೋಲನ್ನು ತಳ್ಳಿ ಸರಿಮಾಡುವುದು ಡ್ರೈವಿಂಗ್ ರೇಂಜುಗಳಲ್ಲಿ, ಅಂದರೆ ಅಭ್ಯಾಸದ ಮೈದಾನಗಳಲ್ಲಿ, ದಿನನಿತ್ಯದ ನೋಟ. ಪಕ್ಕದಿಂದ ಗುರಿಯನ್ನು ನೋಡಿದಾಗ ಕಣ್ಣು ಮೋಸ ಹೋಗುತ್ತದೆ ಎಂಬ ಕಾರಣಕ್ಕೇ ಕೋಲು ಬೇಕಾಗಿರುವುದು. ಅದೇ ಮೋಸದ ಜಾಗದಲ್ಲಿ ನಿಂತು ಕೋಲನ್ನು ಹೊಂದಿಸಿದರೆ ಕೋಲೂ ಅದೇ ಸುಳ್ಳನ್ನು ಹೇಳುತ್ತದೆ. ಗೋಡೆ ಕಟ್ಟುವವನು ದಾರವನ್ನು ಗೋಡೆಯ ಒಂದು ತುದಿಯಿಂದ ನೋಡಿ ಎಳೆಯುತ್ತಾನೆ, ನಡುವೆ ನಿಂತು ಅಲ್ಲ.

ಸರಿಯಾದ ಕ್ರಮ ಹೀಗೆ. ಗುರಿ ಎಂದರೆ ಮರ, ಬಾವುಟ, ಕಂಬ, ಯಾವುದೋ ಒಂದು ಸಣ್ಣ ವಸ್ತು. ‘ಆ ಕಡೆ’ ಎಂಬುದು ಗುರಿಯಲ್ಲ. ಚೆಂಡಿನಿಂದ ಎರಡು ಮೂರು ಮೀಟರ್ ಹಿಂದೆ, ಗುರಿ ಚೆಂಡು ಎರಡೂ ಒಂದೇ ಗೆರೆಗೆ ಬರುವಂತೆ ನಿಲ್ಲಿ. ಚೆಂಡಿನ ಮುಂದೆ ಅರ್ಧ ಮೀಟರಿನಿಂದ ಒಂದು ಮೀಟರಿನೊಳಗೆ ಆ ಗೆರೆಯ ಮೇಲೆ ಬೀಳುವ ಒಂದು ಗುರುತು ಹುಡುಕಿ: ಬಣ್ಣ ಮಾಸಿದ ಹುಲ್ಲು, ಒಣ ಎಲೆ, ಹಳೆಯ ಡಿವಟ್ (ಹೊಡೆತಕ್ಕೆ ಹುಲ್ಲು ಕಿತ್ತುಹೋದ ಗುರುತು). ಹತ್ತಿರದ ಗುರುತನ್ನು ಹೀಗೆ ಆರಿಸಿಕೊಳ್ಳುವ ಪದ್ಧತಿಗೆ ಅಮೆರಿಕದ ಖ್ಯಾತ ಆಟಗಾರ ಜ್ಯಾಕ್ ನಿಕ್ಲಾಸ್ ಹೆಸರಾದವರು. 150 ಮೀಟರ್ ಆಚೆಯ ಬಾವುಟಕ್ಕೆ ಕ್ಲಬ್‌ಫೇಸ್ ಚೌಕ ಮಾಡುವುದಕ್ಕಿಂತ (ಅಂದರೆ ನೇರ ಎದುರಾಗಿಸುವುದಕ್ಕಿಂತ) ಕಾಲ ಬುಡದ ಎಲೆಗೆ ಮಾಡುವುದು ಸುಲಭ, ಅಷ್ಟೇ ಅದರ ಗುಟ್ಟು.

ಮೊದಲ ಕೋಲನ್ನು ಚೆಂಡಿನ ಆಚೆ ಬದಿಗೆ, ಚೆಂಡಿನಿಂದ 15 ಸೆಂ.ಮೀ. ಬಿಟ್ಟು, ಚೆಂಡು ಮತ್ತು ಎಲೆಯನ್ನು ಸೇರಿಸುವ ಗೆರೆಗೆ ಸಮನಾಗಿ ಹಾಸಿ. ಅದಕ್ಕಿಂತ ಹತ್ತಿರ ಹಾಸಿದರೆ ಡ್ರೈವರ್ ತಲೆಯ ಹೊರತುದಿ ಕೋಲಿಗೆ ಬಡಿಯಬಹುದು. ಹಾಸಿದ ಮೇಲೆ ಮತ್ತೆ ಹಿಂದಕ್ಕೆ ಹೋಗಿ ನೋಡಬೇಕು. ಈ ಎರಡನೆಯ ನೋಟವನ್ನು ಬಿಡುವವರೇ ಹೆಚ್ಚು. ಕೋಲಿನ ನೇರಕ್ಕೆ ಹಿಂದೆ ಕುಳಿತು ಒಂದು ಕಣ್ಣು ಮುಚ್ಚಿ ನೋಡಿದರೆ ಅದರ ಗೆರೆ ಗುರಿಯ 15 ಸೆಂ.ಮೀ. ಬಲಕ್ಕೆ ಹೋಗಬೇಕು, ಅಂದರೆ ಲೆಕ್ಕಕ್ಕೆ ಗುರಿಗೇ. ಎರಡನೆಯ ಕೋಲು ಪಾದದ ಕಡೆಗೆ. ಎರಡೂ ಕೋಲುಗಳ ನಡುವಿನ ಅಂತರವನ್ನು ಕಣ್ಣಳತೆಗೆ ಬಿಡದೆ ಎರಡು ತುದಿಗಳಲ್ಲೂ ಒಂದೇ ಕ್ಲಬ್ಬಿನಿಂದ ಅಳೆಯಿರಿ. ಗ್ರಿಪ್‌ನ ತುದಿ ಒಂದು ಕೋಲಿಗೆ ತಾಗಿಸಿ, ಇನ್ನೊಂದು ಕೋಲು ಶಾಫ್ಟಿನಲ್ಲಿ (ಕ್ಲಬ್ಬಿನ ದಂಡದಲ್ಲಿ) ಎಲ್ಲಿಗೆ ಬರುತ್ತದೆ ಎಂದು ಬೆರಳಿಟ್ಟುಕೊಂಡರೆ ಸಾಕು.

ಇನ್ನೊಂದು ಮಾತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಡ್ರೈವಿಂಗ್ ರೇಂಜಿನಲ್ಲಿ ಮಾತ್ರ ನೆಲ ನಿಜಕ್ಕೂ ಡೊಂಕೇ. ಮ್ಯಾಟಿನ ಅಂಚು ಮೈದಾನದ ನಡುವಿಗೆ ಮುಖ ಮಾಡಿರುತ್ತದೆ, ನೀವು ಆರಿಸಿಕೊಂಡ ಬಾವುಟಕ್ಕಲ್ಲ. ಕೋಲನ್ನು ಮ್ಯಾಟಿನ ಅಂಚಿಗೆ ಒತ್ತಿಟ್ಟು ಬೇರೊಂದು ಬಾವುಟಕ್ಕೆ ಹೊಡೆಯುವುದು ಅಭ್ಯಾಸವಲ್ಲ, ತಪ್ಪನ್ನು ಗಟ್ಟಿ ಮಾಡಿಕೊಳ್ಳುವುದು. ಒಂದೋ ಮ್ಯಾಟಿಗೆ ಓರೆಯಾಗಿ ಕೋಲು ಹಾಸಿ, ಅಥವಾ ಮ್ಯಾಟ್ ತೋರಿಸುವ ಜಾಗವನ್ನೇ ಗುರಿ ಮಾಡಿಕೊಳ್ಳಿ.

ಹಳಿಯ ಲೆಕ್ಕ

ಪಾದದ ಗೆರೆ ಗುರಿಗೇ ನೆಟ್ಟಿರಬಾರದು, ಅದಕ್ಕಿಂತ ಎಡಕ್ಕಿರಬೇಕು ಎಂದು ಎಲ್ಲ ಕಲಿಕೆಯಲ್ಲೂ ಹೇಳುತ್ತಾರೆ. ಮಾತು ಸರಿ. ಆದರೆ ಎಷ್ಟು ಎಂಬುದನ್ನು ಯಾರೂ ಹೇಳದ್ದರಿಂದ ಜನ ಹತ್ತಿಪ್ಪತ್ತು ಮೀಟರ್ ಎಡಕ್ಕೆ ನಿಲ್ಲತೊಡಗುತ್ತಾರೆ. ಲೆಕ್ಕ ಹಾಕಿ ನೋಡಿ: ಏಳನೇ ಐರನ್ನಿಗೆ (ನಡು ದೂರದ ಹೊಡೆತದ ಕ್ಲಬ್) ಕಾಲ್ಬೆರಳಿಗೂ ಚೆಂಡಿಗೂ ನಡುವೆ ಸುಮಾರು 60 ಸೆಂ.ಮೀ. ಹಳಿ ಸಮಾನಾಂತರವಿದ್ದರೆ ಪಾದದ ಗೆರೆ ಗುರಿಯ ಬಳಿ ತಲುಪುವಾಗಲೂ 60 ಸೆಂ.ಮೀ. ಎಡಕ್ಕಿರುತ್ತದೆ, ಅಷ್ಟೇ. ಪಾದವನ್ನು ನೇರ ಬಾವುಟಕ್ಕೇ ಗುರಿಯಿಟ್ಟಿರಿ ಎಂದುಕೊಳ್ಳಿ. 150 ಮೀಟರಿನಲ್ಲಿ ಆಗುವ ಕೋನದ ತಪ್ಪು ಕಾಲು ಡಿಗ್ರಿಗೂ ಕಡಿಮೆ. ಅದು ಯಾರ ಆಟವನ್ನೂ ಕೆಡಿಸುವುದಿಲ್ಲ. ಕೆಡಿಸುವುದು ಐದು, ಆರು, ಎಂಟು ಡಿಗ್ರಿ ತಿರುಗಿ ನಿಲ್ಲುವುದು. 5 ಡಿಗ್ರಿ ಎಂದರೆ 150 ಮೀಟರಿನಲ್ಲಿ 13 ಮೀಟರ್.

ಅದೇ ಹಳಿಯ ಪಾಠ ಪಟಿಂಗ್‌ನಲ್ಲಿ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ (ಗ್ರೀನ್) ಮೇಲೆ ಚೆಂಡು ಉರುಳಿಸುವಾಗ, ಅಕ್ಷರಶಃ ನಿಜ. 2 ಮೀಟರ್ ಪಟ್‌ಗೆ ಚೆಂಡಿನಿಂದ 25 ಸೆಂ.ಮೀ. ಈಚೆ ಪಾದವಿಟ್ಟು, ಪಾದದ ಗೆರೆಯನ್ನು ಹೋಲ್‌ಗೇ ತಿರುಗಿಸಿದರೆ 7 ಡಿಗ್ರಿ ಬಲಕ್ಕೆ ಮುಖ ಮಾಡಿದಂತೆ. ಹಾಗಾಗಿ ದೂರದ ಹೊಡೆತಕ್ಕೆ ಹಳಿಯ ಎಡ ಅಂತರವನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಗ್ರೀನ್ ಮೇಲೆ ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ.

ಬೆರಳಲ್ಲ, ಹಿಮ್ಮಡಿ

ಕೋಲಿಗೆ ಕಾಲ್ಬೆರಳು ತಾಗಿಸುವ ಪದ್ಧತಿಯಲ್ಲೇ ಒಂದು ಬಲೆಯಿದೆ. ಎಡಪಾದವನ್ನು ಗುರಿಯತ್ತ 20ರಿಂದ 30 ಡಿಗ್ರಿ ಹೊರಕ್ಕೆ ತಿರುಗಿಸಿ ನಿಲ್ಲುವುದು ವಾಡಿಕೆ. ಹೊಡೆತ ಮುಗಿಸುವಾಗ ಸೊಂಟ ತಿರುಗಲು ಅದು ಅನುಕೂಲ. ಬಲಪಾದ ಹೆಚ್ಚುಕಡಿಮೆ ನೇರವಿರುತ್ತದೆ. 28 ಸೆಂ.ಮೀ. ಉದ್ದದ ಪಾದವನ್ನು ಹಿಮ್ಮಡಿಯ ಮೇಲೆ 30 ಡಿಗ್ರಿ ತಿರುಗಿಸಿದರೆ ಬೆರಳ ತುದಿ ಸುಮಾರು 3.7 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಕೋಲು ಬಿಟ್ಟುಹೋಯಿತೆಂದು ಆಟಗಾರ ಆ ಪಾದವನ್ನು ಮುಂದೆ ತಂದು ಮತ್ತೆ ತಾಗಿಸುತ್ತಾನೆ. ಈಗ ಎರಡೂ ಬೆರಳು ಕೋಲಿಗೆ ತಾಗಿವೆ, ನೋಡಲು ಅಚ್ಚುಕಟ್ಟು. ಹಿಮ್ಮಡಿಗಳ ಗೆರೆ ಮಾತ್ರ ಸುಮಾರು 5 ಡಿಗ್ರಿ ಬಲಕ್ಕೆ ತಿರುಗಿದೆ (ಹಿಮ್ಮಡಿಗಳ ನಡುವೆ 45 ಸೆಂ.ಮೀ. ಇದ್ದರೆ). ಮೊಣಕಾಲು, ಸೊಂಟ ಹಿಂಬಾಲಿಸುವುದು ಹಿಮ್ಮಡಿಯನ್ನೇ, ಬೆರಳನ್ನಲ್ಲ. ಕೋಲು ಹಾಸಿಯೂ ಬಲಕ್ಕೆ ಹೋಗುತ್ತಿದೆ ಎಂದು ದೂರುವವರ ತಪ್ಪು ಬಹುಪಾಲು ಇಲ್ಲೇ ಇರುತ್ತದೆ.

ಪರಿಹಾರ ಸುಲಭ. ಕೋಲನ್ನು ಬೆರಳ ಮುಂದೆ ಹಾಸುವ ಬದಲು ಹಿಮ್ಮಡಿಯ ಹಿಂದೆ ಹಾಸಿ, ಎರಡೂ ಹಿಮ್ಮಡಿ ತಾಗಿಸಿ, ಆಮೇಲೆ ಎಡಬೆರಳನ್ನು ಎಷ್ಟು ಬೇಕೋ ಅಷ್ಟು ತೆರೆಯಿರಿ. ಬೆರಳ ಮುಂದೆಯೇ ಬೇಕೆಂದರೆ ಮೊದಲು ಎರಡೂ ಪಾದ ನೇರವಿಟ್ಟು ತಾಗಿಸಿ, ನಂತರ ಎಡ ಹಿಮ್ಮಡಿಯನ್ನು ಕದಲಿಸದೆ ಬೆರಳು ತಿರುಗಿಸಿ. ಆಗ ಎಡಬೆರಳು ಕೋಲಿನಿಂದ ದೂರವಾಗಿ ಕಾಣುತ್ತದೆ. ಹಾಗೆ ಕಾಣುವುದೇ ಸರಿ.

ಚೆಂಡಿನ ಜಾಗಕ್ಕೂ ಇದೇ ಕಾಯಿಲೆ. ಹೊರಕ್ಕೆ ತಿರುಗಿದ ಬೆರಳನ್ನು ನೋಡಿ ಅಳೆದರೆ ಚೆಂಡು ಇರುವುದಕ್ಕಿಂತ ಹಿಂದೆ, ಬಲಕ್ಕೆ, ಇರುವಂತೆ ಕಾಣುತ್ತದೆ. ಹಿಮ್ಮಡಿಯಿಂದಲೇ ಅಳೆಯಿರಿ. ಒಂದು ಕ್ಲಬ್ಬನ್ನು ಹಳಿಗೆ ಅಡ್ಡಲಾಗಿ ಚೆಂಡಿನಿಂದ ಕಾಲುಗಳ ನಡುವಿಗೆ ಇಟ್ಟರೆ ಡ್ರೈವರಿಗೆ ಅದು ಎಡ ಹಿಮ್ಮಡಿಯ ಒಳಮೈಗೆ ಬರಬೇಕು, ಏಳನೇ ಐರನ್ನಿಗೆ ನಡುವಿನಿಂದ ಒಂದು ಚೆಂಡಿನಷ್ಟು ಎಡಕ್ಕೆ, ವೆಜ್‌ಗೆ (ಹತ್ತಿರದ ಹೊಡೆತದ ಕ್ಲಬ್) ಹೆಚ್ಚುಕಡಿಮೆ ನಡುವಿಗೆ. ಚೆಂಡು ತೀರ ಮುಂದಿದ್ದರೆ ಅದನ್ನು ಮುಟ್ಟಲು ಭುಜಗಳು ಎಡಕ್ಕೆ ತೆರೆದುಕೊಳ್ಳುತ್ತವೆ, ತೀರ ಹಿಂದಿದ್ದರೆ ಬಲಕ್ಕೆ ಮುಚ್ಚಿಕೊಳ್ಳುತ್ತವೆ. ಪಾದದ ಕೋಲು ಆಗಲೂ ಎಲ್ಲ ಸರಿಯಿದೆ ಎಂದೇ ಹೇಳುತ್ತಿರುತ್ತದೆ.

ಭುಜಕ್ಕೆ ಕೋಲನ್ನು ಎತ್ತಬೇಕು

ಪಾದ ಎಷ್ಟೇ ನೆಟ್ಟಗಿದ್ದರೂ ಕ್ಲಬ್ ಬೀಸುವ ದಾರಿ ಹೆಚ್ಚಾಗಿ ಭುಜದ ಗೆರೆಯನ್ನು ಹಿಡಿಯುತ್ತದೆ. ಭುಜ ತೆರೆದುಕೊಳ್ಳಲು ಗ್ರಿಪ್ಪಿನಲ್ಲೇ ಒಂದು ಕಾರಣ ಅಡಗಿದೆ. ಬಲಗೈ ಎಡಗೈಗಿಂತ ಕೆಳಗೆ ಹಿಡಿಯುತ್ತದೆ. ಅಷ್ಟು ದೂರ ಕೈ ಚಾಚಲು ಬಲಭುಜ ಒಂದೋ ಕೆಳಗಿಳಿಯಬೇಕು, ಇಲ್ಲವೇ ಮುಂದೆ ಬರಬೇಕು. ಇಳಿದರೆ ಸರಿ. ಮುಂದೆ ಬಂದರೆ ಭುಜದ ಗೆರೆ ಗುರಿಯ ಎಡಕ್ಕೆ ತಿರುಗಿತು, ಹೊಡೆತ ಹೊರಗಿನಿಂದ ಒಳಕ್ಕೆ ಬಂತು, ಚೆಂಡು ನೇರ ಎಡಕ್ಕೆ ಹೋಗುವ ಪುಲ್ ಇಲ್ಲವೇ ಬಲಕ್ಕೆ ಹೊರಳುವ ಸ್ಲೈಸ್.

ಇದನ್ನು ತಡೆಯುವ ರೀತಿ: ಮೊದಲು ಎಡಗೈ ಒಂದರಿಂದಲೇ ಕ್ಲಬ್ ಹಿಡಿದು ಕ್ಲಬ್‌ಫೇಸ್ ಹೊಂದಿಸಿ, ಪಾದ ಊರಿ. ಬಲಗೈಯನ್ನು ಮೇಲಿನಿಂದ ಹಾಕದೆ ಪಕ್ಕದಿಂದ, ಪಕ್ಕೆಯ ಬಳಿಯಿಂದ ತಂದು ಹಿಡಿಯಿರಿ. ಬಲಮೊಣಕೈ ಸ್ವಲ್ಪ ಸಡಿಲವಾಗಿ ಬಲಸೊಂಟದ ಕಡೆ ನೋಡುತ್ತಿರಲಿ. ಬೆನ್ನು ಒಂದಿಷ್ಟು ಬಲಕ್ಕೆ ವಾಲಲಿ. ಐರನ್ನಿಗಿಂತ ಡ್ರೈವರಿಗೆ ಈ ವಾಲು ಹೆಚ್ಚು ಬೇಕು, ಯಾಕೆಂದರೆ ಚೆಂಡು ಮುಂದಿದೆ.

ಕೋಲನ್ನು ಎದೆಗೆ ಅಡ್ಡ ಹಿಡಿದು ಕೈ ಕಟ್ಟಿಕೊಂಡು ಭುಜ ನೋಡುವ ಪದ್ಧತಿಯನ್ನು ಎಲ್ಲೆಡೆ ಕಲಿಸುತ್ತಾರೆ. ನಮಗದು ಅಷ್ಟಾಗಿ ಒಪ್ಪಿಗೆಯಿಲ್ಲ. ಭುಜ ಕೆಡುವುದೇ ಬಲಗೈ ಗ್ರಿಪ್‌ಗೆ ಇಳಿದಾಗ. ಕೈ ಕಟ್ಟಿಕೊಂಡಾಗ ಯಾರ ಭುಜವೂ ನೆಟ್ಟಗೇ ಇರುತ್ತದೆ. ಕ್ಲಬ್ ಹಿಡಿದು ಪೂರ್ತಿ ಸಿದ್ಧವಾದ ಮೇಲೆ ಇನ್ನೊಬ್ಬರು ಬಂದು ಎರಡೂ ಭುಜದ ತುದಿಗೆ ಕೋಲು ತಾಗಿಸಿ, ನೆಲದ ಹಳಿಗೆ ಹೋಲಿಸಿ ನೋಡಬೇಕು. ಸೊಂಟಕ್ಕೆ ಮಾತ್ರ ಯಾರ ಸಹಾಯವೂ ಬೇಡ. ಪ್ಯಾಂಟಿನ ಮುಂದಿನ ಎರಡು ಬೆಲ್ಟ್ ಲೂಪಿನೊಳಗೆ ಕೋಲು ತೂರಿಸಿದರೆ ತಲೆ ತಗ್ಗಿಸಿದ ಕೂಡಲೇ ಅದು ಹಳಿಗೆ ಸಮನಾಗಿದೆಯೇ ಎಂದು ಕಾಣುತ್ತದೆ. ಹಾಗೆ ತೂರಿಸಿಕೊಂಡು ಚೆಂಡು ಹೊಡೆಯಲು ಹೋಗಬೇಡಿ, ನಿಲುವು ನೋಡಲಷ್ಟೇ ಅದು.

ಒಬ್ಬರೇ ಇದ್ದಾಗ ಫೋನೇ ಸಂಗಾತಿ. ಅದನ್ನು ಎಲ್ಲೆಂದರಲ್ಲಿ ಇಟ್ಟರೆ ನೆಟ್ಟಗಿರುವವರೂ ಸೊಟ್ಟಗೆ ಕಾಣುತ್ತಾರೆ. ಚೆಂಡಿನಿಂದ ಮೂರು ಮೀಟರ್ ಹಿಂದೆ, ಎರಡು ಕೋಲುಗಳ ನಡುವಿನ ಜಾಗದ ನೇರಕ್ಕೆ, ಕೈಗಳ ಎತ್ತರದಲ್ಲಿ ಇಡಿ. ಪರದೆಯಲ್ಲಿ ಮೊದಲು ನೋಡಬೇಕಾದದ್ದು ಮುಂಗೈ. ಬಲ ಮುಂಗೈಯ ಮೇಲಂಚಿನಿಂದ ಎಡ ಮುಂಗೈ ತುಸು ಇಣುಕಿದರೆ ಸರಿ. ಬಲ ಮುಂಗೈ ಮೇಲೆದ್ದು ಎಡಗೈಯನ್ನು ಪೂರ್ತಿ ಮರೆಮಾಡಿದರೆ ಭುಜ ತೆರೆದಿದೆ. ಎಡ ಮುಂಗೈ ಬಹಳಷ್ಟು ಮೇಲೆ ಕಂಡರೆ ಮುಚ್ಚಿದೆ.

ಗುರಿ ನೋಡುವ ರೀತಿಯೂ ಭುಜವನ್ನು ಕದಲಿಸುತ್ತದೆ. ತಲೆ, ಎದೆ ಎತ್ತಿ ಗುರಿ ನೋಡಿದರೆ ಎಡಭುಜ ಹಿಂದೆ ಸರಿದು ಮೈ ತೆರೆದುಕೊಳ್ಳುತ್ತದೆ. ತಲೆ ಎತ್ತದೆ, ಗದ್ದವನ್ನು ಇದ್ದಲ್ಲೇ ತಿರುಗಿಸಿ ಆಚೆ ಬದಿಯ ಕೋಲಿನ ಗುಂಟ ಕಣ್ಣು ಹಾಯಿಸಬೇಕು. ಹಾಗೆ ನೋಡುವಾಗ ಎಡಭುಜದ ತುದಿ ಬಾವುಟವನ್ನು ಮುಟ್ಟಿದಂತೆ ಕಂಡರೆ ಭುಜ ಬಲಕ್ಕೆ ಮುಚ್ಚಿದೆ ಎಂದೇ ಅರ್ಥ. ಕಣ್ಣು ಭುಜಕ್ಕಿಂತ ಚೆಂಡಿನ ಕಡೆಗಿರುವುದರಿಂದ ಭುಜ ಮುಂದೆ ಬರದೆ ಬಾವುಟ ಮರೆಯಾಗದು.

ಕ್ಲಬ್‌ಫೇಸ್: ಇಲ್ಲಿ ಬೇರೆ ಸಾಧನ ಬೇಕು

ಚೆಂಡು ಹೊರಡುವ ದಿಕ್ಕಿನಲ್ಲಿ ಕ್ಲಬ್‌ಫೇಸಿನ ಪಾಲು ಡ್ರೈವರಿಗೆ ಸುಮಾರು 85 ಶೇಕಡಾ, ಐರನ್ನಿಗೆ ಸುಮಾರು 75 ಶೇಕಡಾ. ಉಳಿದದ್ದು ಬೀಸುವ ದಾರಿಯದು. ಹೀಗಿರುವಾಗ ಪಾದವನ್ನು ಮೊದಲು ಊರಿ ಆಮೇಲೆ ಕ್ಲಬ್‌ಫೇಸ್ ತಿರುಗಿಸುವುದು ತಲೆಕೆಳಗಾದ ಕ್ರಮ. ಕ್ರಮ ಯಾವಾಗಲೂ ಹೀಗಿರಲಿ: ಹಿಂದಿನಿಂದ ಬಂದು, ಬಲಗಾಲು ಮುಂದಿಟ್ಟು, ಕ್ಲಬ್‌ಫೇಸ್ ಹತ್ತಿರದ ಗುರುತಿಗೆ ಚೌಕ, ಆಮೇಲೆ ಎಡಗಾಲು, ಕೊನೆಗೆ ಬಲಗಾಲನ್ನು ಅದರ ಜಾಗಕ್ಕೆ.

ಐರನ್ನಿನಲ್ಲಿ ನೋಡಬೇಕಾದದ್ದು ನೆಲಕ್ಕೆ ತಾಗುವ ಕೆಳಗಿನ ಅಂಚು. ಕಣ್ಣಿಗೆ ಹತ್ತಿರವಿರುವ ಮೇಲಂಚನ್ನು ಚೌಕ ಮಾಡಿದರೆ ಕ್ಲಬ್‌ಫೇಸ್ ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಯಾಕೆಂದರೆ ಲಾಫ್ಟ್‌ನ (ಫೇಸು ಹಿಂದಕ್ಕೆ ವಾಲಿರುವ ಕೋನದ) ದೆಸೆಯಿಂದ ಮೇಲಂಚಿನ ಹೊರತುದಿ ಹಿಂದಕ್ಕೆ ವಾಲಿರುತ್ತದೆ.

ಇದಕ್ಕೆಂದು ಕ್ಲಬ್‌ಫೇಸಿಗೆ ಅಂಟಿಸುವ ಆಯಸ್ಕಾಂತದ ಕಡ್ಡಿ ಸಿಗುತ್ತದೆ. ಫೇಸಿಗೆ ನೇರ ಲಂಬವಾಗಿ ನಿಂತು ಅದು ನೋಡುವ ದಿಕ್ಕನ್ನು ಬೆರಳಿಟ್ಟು ತೋರಿಸುತ್ತದೆ. ಕೋಲಿನ ಜೊತೆಗೆ ಇನ್ನೊಂದೇ ಒಂದು ಸಾಧನ ಕೊಳ್ಳುವುದಾದರೆ ಇದನ್ನು ಕೊಳ್ಳಿ. ಮಿತಿ ತಿಳಿದಿರಲಿ: ಟೈಟೇನಿಯಂ ಡ್ರೈವರಿಗೆ ಅಂಟುವುದಿಲ್ಲ, ಅಲ್ಯೂಮಿನಿಯಂ ಪಟರಿಗೂ ಇಲ್ಲ, ಕೆಲವು ಸ್ಟೇನ್‌ಲೆಸ್ ಸ್ಟೀಲ್ ಪಟರುಗಳಿಗೂ ಇಲ್ಲ. ಕ್ಲಬ್ಬಿನ ಹೊರತುದಿ ಮೇಲೆದ್ದಿದ್ದರೆ ಕೆಳ ಅಂಚು ಚೌಕವಿದ್ದರೂ ಕಡ್ಡಿ ಎಡಕ್ಕೆ ತೋರಿಸುತ್ತದೆ. ಲಾಫ್ಟ್ ಹೆಚ್ಚಾದಷ್ಟೂ ಈ ವ್ಯತ್ಯಾಸ ಹೆಚ್ಚು. ಅದು ಕಡ್ಡಿಯ ದೋಷವಲ್ಲ, ಕ್ಲಬ್ ಸಮವಾಗಿ ಕೂತಿಲ್ಲ ಎಂಬ ಸುದ್ದಿ. ಅಂಟಿಸಿಕೊಂಡು ಹೊಡೆಯಬಾರದು ಎಂದು ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇವೆ.

ಪಟಿಂಗ್‌ಗೆ ಕೋಲಿಗಿಂತ ಕನ್ನಡಿ ಮೇಲು. ಹೋಲ್‌ನ ವ್ಯಾಸ 108 ಮಿ.ಮೀ. 3 ಮೀಟರ್ ಪಟ್‌ನಲ್ಲಿ ಒಂದೇ ಡಿಗ್ರಿ ತಪ್ಪಿದರೂ ಚೆಂಡಿನ ನಡು ಹೋಲ್‌ನ ಅಂಚಿಗೆ ಬಂದು ನಿಲ್ಲುತ್ತದೆ. ಅಷ್ಟು ಸೂಕ್ಷ್ಮವನ್ನು ನೆಲದ ಕೋಲು ತೋರಿಸಲಾರದು. ಪಟಿಂಗ್ ಕನ್ನಡಿಯಲ್ಲಿ ಗುರಿಯ ಗೆರೆ, ಅದಕ್ಕೆ ಅಡ್ಡ ಗೆರೆ, ಭುಜದ ಗೆರೆ ಮೂರೂ ಇರುತ್ತವೆ. ಕಣ್ಣುಗಳೆರಡೂ ಗುರಿಯ ಗೆರೆಯ ಮೇಲೆ ಅಥವಾ ತುಸು ಈಚೆ, ಎರಡೂ ಒಂದೇ ಸಾಲಿನಲ್ಲಿ ಕಾಣಬೇಕು. ಒಂದು ಕಣ್ಣು ಗೆರೆಯ ಆಚೆ, ಇನ್ನೊಂದು ಈಚೆ ಕಂಡರೆ ತಲೆ ವಾಲಿದೆ. ಹಾಗೆ ವಾಲಿದ ಕಣ್ಣಿಗೆ ನೇರ ಗೆರೆಯೂ ಓರೆಯಾಗಿ ಕಾಣುತ್ತದೆ. ಟೀ (ಚೆಂಡು ಕೂರಿಸುವ ಪುಟ್ಟ ಗೂಟ) ಚುಚ್ಚಿ ಭದ್ರ ಮಾಡಲು ತೂತುಗಳಿರುವ ಕನ್ನಡಿಯನ್ನೇ ಆರಿಸಿ. ಇಲ್ಲದಿದ್ದರೆ ಪಟರ್ ತಾಗಿದಾಗಲೆಲ್ಲ ಜಾರುತ್ತದೆ. ಅಕ್ರಿಲಿಕ್‌ನ ಮೇಲೆ ಗೀರು ಬೇಗ ಬೀಳುತ್ತದೆ, ಬಟ್ಟೆಯ ಚೀಲ ಬೇಕು. ಕನ್ನಡಿಯೂ ಬೇಡ ಎನ್ನುವವರಿಗೆ ಎರಡು ಗೂಟ, ನಡುವೆ ನೆಲದಿಂದ 10 ಸೆಂ.ಮೀ. ಎತ್ತರದಲ್ಲಿ ಎಳೆದ ದಾರ. ದಾರದ ಕೆಳಗೆ ಚೆಂಡಿಟ್ಟು ಸಮತಟ್ಟಾದ ಜಾಗದಲ್ಲಿ ಉರುಳಿಸುವುದಕ್ಕೆ ಸಾಟಿಯಾದ ಸಾಧನ ಇನ್ನೂ ಬಂದಿಲ್ಲ.

ಪಾದದ ಅಚ್ಚು ಬರೆದ ಮ್ಯಾಟುಗಳನ್ನು ಕೊಳ್ಳಬೇಡಿ. ಎಲ್ಲರ ಕಾಲೂ ಒಂದೇ ಅಗಲಕ್ಕೆ, ಒಂದೇ ಕೋನಕ್ಕೆ ಇರಬೇಕೆಂದು ಅವು ಹಟ ಹಿಡಿಯುತ್ತವೆ. ಲೇಸರ್ ಸಾಧನಗಳು ಒಳಾಂಗಣದಲ್ಲಿ ಚೆನ್ನ, ಬಿಸಿಲಲ್ಲಿ ಗೆರೆಯೇ ಕಾಣದು.

ತೆಗೆದಿಡುವ ಅಭ್ಯಾಸ

ಬೆಳಗಿನಿಂದ ಸಂಜೆಯವರೆಗೆ ಕೋಲಿನ ಮೇಲೇ ಹೊಡೆದವರು ಕೋರ್ಸಿಗೆ ಹೋದ ಕೂಡಲೇ ಹಳೆಯ ನಿಲುವಿಗೆ ಮರಳುತ್ತಾರೆ. ಕೋಲಿಗೆ ಸರಿಯಾಗಿ ಕಾಲಿಡುವುದನ್ನು ಕಲಿತರೇ ಹೊರತು ಗುರಿಗೆ ಕಾಲಿಡುವುದನ್ನು ಕಲಿಯಲಿಲ್ಲ. ಐದು ಚೆಂಡು ಕೋಲಿನೊಡನೆ. ಆಮೇಲೆ ಕೋಲು ತೆಗೆದು, ಗುರಿ ಬದಲಿಸಿ, ಮೂರು ಚೆಂಡು. ಆ ಮೂರರಲ್ಲಿ ಕೊನೆಯದಕ್ಕೆ ನಿಂತ ಮೇಲೆ ಹೊಡೆಯದೆ, ಕಾಲು ಕದಲಿಸದೆ, ಬಗ್ಗಿ ಕ್ಲಬ್ಬನ್ನು ಹಿಮ್ಮಡಿಗಳ ಹಿಂದೆ ಮಲಗಿಸಿ, ಹೊರಬಂದು ಹಿಂದಿನಿಂದ ನೋಡಿ. ಅಂದಿನ ನಿಜವಾದ ಫಲಿತಾಂಶ ಅದು.

ಮೊದಲ ಕೆಲವು ದಿನ ಕೆಟ್ಟದಾಗಿಯೇ ಇರುತ್ತವೆ. ಬಹುಕಾಲ ಬಲಕ್ಕೆ ನಿಂತವರಿಗೆ ನೆಟ್ಟಗೆ ನಿಂತಾಗ ಎಲ್ಲೋ ಎಡಕ್ಕೆ ಮುಖ ಮಾಡಿದಂತೆ ಅನ್ನಿಸುತ್ತದೆ. ಸ್ಲೈಸ್ ಹೊಡೆಯುವವರ ಕಷ್ಟ ಬೇರೆ. ಚೆಂಡು ಬಲಕ್ಕೆ ಹೊರಳುತ್ತದೆಂದು ಅವರು ಎಡಕ್ಕೆ ತಿರುಗಿ ನಿಲ್ಲುತ್ತಾರೆ. ತಿರುಗಿದಷ್ಟೂ ಬೀಸುವ ದಾರಿ ಎಡಕ್ಕೆ ಹೋಗಿ, ಗುರಿ ನೋಡುವ ಕ್ಲಬ್‌ಫೇಸ್ ಆ ದಾರಿಗೆ ಇನ್ನಷ್ಟು ತೆರೆದು, ಹೊರಳು ಮತ್ತೂ ಹೆಚ್ಚುತ್ತದೆ. ಕೋಲು ಅವರನ್ನು ನೆಟ್ಟಗೆ ನಿಲ್ಲಿಸಿದ ದಿನ ಹೊರಳು ಅಲ್ಲೇ ಉಳಿದಿರುತ್ತದೆ, ಎಡಕ್ಕಿದ್ದ ಅವಕಾಶ ಮಾತ್ರ ಹೋಗಿರುತ್ತದೆ. ಚೆಂಡುಗಳೆಲ್ಲ ಬಲಗಡೆಯ ಬೇಲಿಯತ್ತ. ಇದರಿಂದ ಹೆದರಿ ಕೋಲು ಮೂಲೆಗೆ ಸೇರಿಸುವವರು ಬಹಳ. ಆಗ ಸರಿಪಡಿಸಬೇಕಾದದ್ದು ಗ್ರಿಪ್ ಮತ್ತು ಕ್ಲಬ್‌ಫೇಸ್, ನಿಲುವಲ್ಲ.

ಕೋರ್ಸಿನ ಮೇಲೆ ನಿಯಮ

ಸ್ಪರ್ಧೆಯ ಸುತ್ತಿನಲ್ಲಿ ಕೋಲು ಬ್ಯಾಗಿನಲ್ಲಿರಬಹುದು, 14 ಕ್ಲಬ್ಬಿನ ಮಿತಿಗೆ ಅದು ಸೇರುವುದಿಲ್ಲ. ಹೊರಗೆ ತೆಗೆದು ಬಳಸಬಾರದು. 2019ರಿಂದ ಜಾರಿಯಲ್ಲಿರುವ ನಿಯಮ 10.2ಬಿ ಪ್ರಕಾರ ಪಾದ ಅಥವಾ ಮೈಯ ದಿಕ್ಕು ಹೊಂದಿಸಲು ಯಾವ ವಸ್ತುವನ್ನೂ, ಕ್ಲಬ್ಬನ್ನು ಸಹ, ನೆಲದ ಮೇಲಿಟ್ಟು ನಿಲುವು ತೆಗೆದುಕೊಳ್ಳುವಂತಿಲ್ಲ. ಒಮ್ಮೆ ಹಾಗೆ ನಿಂತ ಮೇಲೆ, ಹೊಡೆಯುವ ಮೊದಲೇ ಹಿಂದೆ ಸರಿದು ಅದನ್ನು ಎತ್ತಿದರೂ ದಂಡ ತಪ್ಪದು: ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಎರಡು ಸ್ಟ್ರೋಕ್, ಹೋಲ್ ಹೋಲ್‌ಗೆ ಗೆಲುವು ಸೋಲು ಎಣಿಸುವ ಮ್ಯಾಚ್ ಪ್ಲೇಯಲ್ಲಿ ಆ ಹೋಲ್ ಸೋತಂತೆ. ಕೋಲು ಹಿಡಿದು ಅಭ್ಯಾಸದ ಬೀಸು ಬೀಸುವುದನ್ನೂ ನಿಯಮ 4.3 ತಡೆಯುತ್ತದೆ. ನಿಲುವು ಶುರುವಾದ ಮೇಲೆ ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ) ಚೆಂಡಿನ ಹಿಂದೆ ಗುರಿಯ ಗೆರೆಯ ನೇರದಲ್ಲಿ ನಿಂತು ದಿಕ್ಕು ಹೇಳುವುದಕ್ಕೂ ಅವಕಾಶವಿಲ್ಲ.

ಮೊದಲೇ ಅಲ್ಲಿ ಬಿದ್ದಿರುವ ಎಲೆಯನ್ನೋ ಡಿವಟನ್ನೋ ಗುರುತಾಗಿ ಆರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ತಂದು ಇಡುವಂತಿಲ್ಲ. ಚೆಂಡಿನ ಮೇಲೆ ಗೆರೆ ಬರೆದು, ಟೀಯ ಮೇಲೆ ಮತ್ತು ಗ್ರೀನ್ ಮೇಲೆ ಅದನ್ನು ಗುರಿಗೆ ತಿರುಗಿಸಿಡಬಹುದು. ಇವೆರಡರ ನಡುವಿನ ಹುಲ್ಲುಹಾದಿಯಾದ ಫೇರ್‌ವೇಯಲ್ಲಿ ಚೆಂಡು ಬಿದ್ದ ಹಾಗೇ ಆಡಬೇಕಾದ್ದರಿಂದ ಅಲ್ಲಿ ಉಳಿಯುವುದು ಆ ಎಲೆ ಒಂದೇ.